ಕಾರು ಎಲ್ಲಿದೆ ಅಂತ ಕಾರಿಗೆ ಗೊತ್ತಿರಲಿ, ಬೇರೆ ಯಾರಿಗೆಲ್ಲ ಗೊತ್ತಿರಬೇಕು?

ಮೂರನೇಗೇರ್
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ಮೂರು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ಕಾರು ತಗೊಂಡ್ವಿ. ಕಾಗದಪತ್ರ ನಮ್ಮ ಹೆಸರಿಗಾಯ್ತು, ಎರಡು ಕೀ ಕೊಟ್ರು, ಸರ್ವಿಸ್ ಪುಸ್ತಕ ಕೊಟ್ರು. ಮೊನ್ನೆ ಬೆಳಿಗ್ಗೆ ಮಾರಿದವರು ಫೋನ್ ಮಾಡಿ, "ತಪ್ಪು ತಿಳ್ಕೋಬೇಡಿ, ನಿಮ್ಮ ಕಾರಿನ ಹಿಂದಿನ ಎಡಗಡೆ ಟೈರಲ್ಲಿ ಗಾಳಿ ಕಮ್ಮಿ ಇದೆ ಅಂತ ನನ್ನ ಫೋನಿಗೆ ಮೆಸೇಜ್ ಬರ್ತಾ ಇದೆ" ಅಂದ್ರು. ಹೊರಗೆ ಹೋಗಿ ಬಗ್ಗಿ ನೋಡಿದೆ. ನಿಜವಾಗ್ಲೂ ಗಾಳಿ ಇಳಿದಿತ್ತು. ಆಮೇಲೆ ಅವರೇ ಸಂಕೋಚ ಪಟ್ಕೊಂಡು ಹೇಳಿದ್ರು: ಅವರ ಫೋನಲ್ಲಿರೋ ಕಾರು ಕಂಪನಿ ಆ್ಯಪ್ ತೆರೆದ್ರೆ ಕಾರು ನಿಂತಿರೋ ಜಾಗಾನೂ ಮ್ಯಾಪಲ್ಲಿ ಕಾಣುತ್ತಂತೆ. ಈಗಲೂ.

ಒಳ್ಳೆಯವರು, ಹೇಳಿದ್ರು. ಹೇಳದೇ ಇದ್ದಿದ್ರೆ ನಮಗೆ ಗೊತ್ತಾಗ್ತಾನೇ ಇರ್ಲಿಲ್ಲ. ಮೂರು ತಿಂಗಳು ನಮ್ಮ ಮನೆ, ಮಗಳ ಸ್ಕೂಲು, ಊರಿಗೆ ಹೋಗಿ ಮನೆ ಖಾಲಿ ಬಿಟ್ಟಿದ್ದ ನಾಲ್ಕು ದಿನ, ಎಲ್ಲಾ ಒಬ್ಬ ಅಪರಿಚಿತರ ಜೇಬಲ್ಲಿತ್ತು.

ಹೆಂಡತಿ ಅವತ್ತಿಂದ "ಕಾರಿನೊಳಗಿಂದ ಇದನ್ನೆಲ್ಲ ಕಳಿಸೋ ಆ ಪೆಟ್ಟಿಗೆನೇ ಕಿತ್ತು ಹಾಕಿಸಿ" ಅಂತಿದಾಳೆ. ನನಗೆ ಧೈರ್ಯ ಸಾಲ್ತಿಲ್ಲ. ಯಾಕಂದ್ರೆ ಅಪಘಾತ ಆದ್ರೆ ತಾನಾಗೇ ಸಹಾಯಕ್ಕೆ ಕರೆ ಮಾಡೋದೂ ಅದೇ ಪೆಟ್ಟಿಗೆ. ಅವಳು ವಾರಕ್ಕೆ ಮೂರು ಸಲ ರಾತ್ರಿ ಹತ್ತರ ಮೇಲೆ ಒಬ್ಬಳೇ ಓಡಿಸ್ಕೊಂಡು ಬರ್ತಾಳೆ. ಒಂದನ್ನ ಇಟ್ಕೊಂಡು ಇನ್ನೊಂದನ್ನ ಬಿಡೋಕೆ ಆಗುತ್ತಾ? ನಿಮ್ಮಲ್ಲಿ ಯಾರು ಏನು ಮಾಡಿದೀರಿ?

ಮಳೆವೈಪರ್
ಮೊದಲು ಫ್ಯಾಕ್ಟರಿ ರಿಸೆಟ್ ಮಾಡಿ ಮಾರಾಯ್ರೆ. ಎರಡು ನಿಮಿಷದ ಕೆಲಸ.

ವೈರುಮನುಷ್ಯ
@ಮಳೆವೈಪರ್ ಅದೊಂದರಿಂದ ಕೆಲಸ ಆಗಲ್ಲ ಅಣ್ಣ. ಹದಿನಾರು ವರ್ಷದಿಂದ ಕಾರಿನ ಎಲೆಕ್ಟ್ರಿಕಲ್ ಕೆಲಸ ಮಾಡ್ತಿದೀನಿ, ಈ ತಪ್ಪು ತಿಳುವಳಿಕೆ ವಾರಕ್ಕೊಂದು ಸಲ ನೋಡ್ತೀನಿ.

ರಿಸೆಟ್ ಮಾಡಿದ್ರೆ ಸ್ಕ್ರೀನಲ್ಲಿರೋ ಫೋನ್ ನಂಬರು, ಹಳೇ ವಿಳಾಸ ಅಳಿಸುತ್ತೆ. ಆದ್ರೆ ಬಹಳಷ್ಟು ಗಾಡಿಗಳಲ್ಲಿ "ಈ ಚಾಸಿಸ್ ನಂಬರು ಈ ಅಕೌಂಟಿಗೆ ಸೇರಿದ್ದು" ಅನ್ನೋ ಗಂಟು ಇರೋದು ಕಂಪನಿ ಸರ್ವರಲ್ಲಿ. ಅದನ್ನ ಹಳೇ ಮಾಲೀಕರು ತಮ್ಮ ಆ್ಯಪಿಂದ ಬಿಚ್ಚಬೇಕು, ಇಲ್ಲಾ ನೀವು ಮಾಲೀಕತ್ವದ ದಾಖಲೆ ಕೊಟ್ಟು ಕಂಪನಿಯಿಂದ ಬಿಚ್ಚಿಸಬೇಕು. ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳೋರು ಎಂಜಿನ್ ಸದ್ದು ಕೇಳ್ತಾರೆ, ಟೈರ್ ಒತ್ತಿ ನೋಡ್ತಾರೆ, ಇದನ್ನ ಒಬ್ಬರೂ ಕೇಳಲ್ಲ.

ಇನ್ನೊಂದು ವಿಷಯ. ಜಿಪಿಎಸ್ ನಿಮ್ಮನ್ನ ನೋಡ್ತಾ ಇರಲ್ಲ. ಉಪಗ್ರಹ ಬರೀ ಸಮಯದ ಸಂಕೇತ ಕಳಿಸುತ್ತೆ, ರೇಡಿಯೋ ಸ್ಟೇಷನ್ ಥರ. ಕಾರಿನ ರಿಸೀವರ್ ನಾಲ್ಕು ಉಪಗ್ರಹದ ಸಂಕೇತ ಹಿಡಿದು "ನಾನು ಇಲ್ಲಿದೀನಿ" ಅಂತ ತಾನೇ ಲೆಕ್ಕ ಹಾಕುತ್ತೆ. ಅಲ್ಲಿವರೆಗೆ ಆ ವಿಷಯ ಕಾರಿನೊಳಗೇ ಇದೆ. ಹೊರಗೆ ಹೋಗೋದು ಕಾರಿನ ಸಿಮ್ ಮೂಲಕ. ಡ್ಯಾಶ್‌ಬೋರ್ಡ್ ಹಿಂದೆ ಟೆಲಿಮ್ಯಾಟಿಕ್ಸ್ ಯೂನಿಟ್ ಅಂತ ಒಂದು ಡಬ್ಬಿ ಇರುತ್ತೆ. ಅದರೊಳಗೆ ಸಿಮ್ಮು, ಮೋಡೆಮ್ಮು, ಪಕ್ಕದಲ್ಲೇ ಸಣ್ಣ ಬ್ಯಾಟರಿ. ದೊಡ್ಡ ಬ್ಯಾಟರಿ ನಜ್ಜುಗುಜ್ಜಾದ್ರೂ ಕರೆ ಹೋಗ್ಲಿ ಅಂತ ಆ ಸಣ್ಣದು. ನಿಮ್ಮ ಪ್ರಶ್ನೆ ಇರೋದು ಈ ಡಬ್ಬಿ ಯಾವಾಗ ಬಾಯಿ ಬಿಡಬೇಕು, ಯಾರ ಹತ್ರ ಬಿಡಬೇಕು ಅನ್ನೋದ್ರಲ್ಲಿ.

ನೇರಮಾತು
ಇಷ್ಟು ಗಾಬರಿ ಯಾಕೆ ಅಂತ ನನಗೆ ಅರ್ಥ ಆಗ್ತಿಲ್ಲ. ಜೇಬಲ್ಲಿರೋ ಫೋನು ಇಪ್ಪತ್ನಾಲ್ಕು ಗಂಟೆ ಅದನ್ನೇ ಮಾಡ್ತಿದೆ. ಮುಚ್ಚಿಡೋಕೆ ಏನೂ ಇಲ್ಲದವರಿಗೆ ಭಯ ಯಾಕೆ? ನಾನಂತೂ ಎಲ್ಲಾ ಆನ್ ಇಟ್ಟಿದೀನಿ. ಕಳುವಾದ್ರೆ ಸಿಗುತ್ತೆ, ಬಿದ್ರೆ ಆಂಬ್ಯುಲೆನ್ಸ್ ಬರುತ್ತೆ.

ಕಿಟಕಿಪಕ್ಕ
@ನೇರಮಾತು ಮುಚ್ಚಿಡೋಕೆ ನನ್ನ ಹತ್ರ ಒಂದೇ ಒಂದಿತ್ತು. ನಾನು ಎಲ್ಲಿ ಉಳ್ಕೊಂಡಿದೀನಿ ಅನ್ನೋದು.

ಗಂಡನ ಮನೆ ಬಿಟ್ಟು ಬಂದಾಗ ಕಾರು ನಾನು ತಂದೆ. ನನ್ನ ದುಡ್ಡಲ್ಲೇ ತಗೊಂಡಿದ್ದು, ನಾನೇ ಓಡಿಸ್ತಿದ್ದಿದ್ದು. ಆದ್ರೆ ಶೋರೂಮಲ್ಲಿ ಆ್ಯಪ್ ಹಾಕ್ಕೊಂಡಿದ್ದು ಅವರು. ಮೂರನೇ ದಿನ ಮೆಸೇಜ್ ಬಂತು: "ಗೆಳತಿ ಮನೆಯ ಗೇಟ್ ಬಣ್ಣ ಚೆನ್ನಾಗಿದೆ." ಒಂದು ರಾತ್ರಿ ಎರಡು ಗಂಟೆಗೆ ಕಾರಿನ ಹಾರನ್ನು, ಲೈಟು ತಾನಾಗೇ ಶುರುವಾಯ್ತು. ಆ್ಯಪಲ್ಲಿ "ಕಾರು ಹುಡುಕು" ಅಂತ ಒಂದು ಬಟನ್ ಇರುತ್ತಲ್ಲ, ಅದು. ಕಿಟಕಿ ಪರದೆ ಸರಿಸಿ ನೋಡಿದ್ರೆ ಖಾಲಿ ಬೀದಿ, ಮಿಣಮಿಣ ಅಂತ ಇಂಡಿಕೇಟರ್. ಅವರು ಅಲ್ಲೆಲ್ಲೂ ಇರ್ಲಿಲ್ಲ. ಇರಬೇಕಾಗೇ ಇರ್ಲಿಲ್ಲ.

ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. "ಮೇಡಂ, ಮುಖ್ಯ ಅಕೌಂಟ್ ಅವರ ಹೆಸರಲ್ಲಿದೆ, ಅವರ ಒಪ್ಪಿಗೆ ಬೇಕು" ಅಂದ್ರು. ನಾಲ್ಕು ಸಲ ಮಾಡಿದೆ, ನಾಲ್ಕು ಸಲಾನೂ ಅದೇ ಮಾತು. ಕೊನೆಗೆ ಕಾರು ಮಾರಿದೆ.

ನೇರಮಾತು
@ಕಿಟಕಿಪಕ್ಕ ಕ್ಷಮಿಸಿ ಅಕ್ಕ. ಇದು ನನ್ನ ತಲೆಗೇ ಹೊಳೆದಿರ್ಲಿಲ್ಲ.

ಕಡತಹುಳು
@ಕಿಟಕಿಪಕ್ಕ ಅವರಿಗೆ ಆದದ್ದು ಅವರೊಬ್ಬರಿಗೇ ಆದದ್ದಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇಂಥವೇ ದೂರುಗಳು ಬಂದು 2024ರಲ್ಲಿ ಕಾನೂನೇ ಆಯ್ತು. ಹಿಂಸೆಗೆ ಒಳಗಾದವರು ದಾಖಲೆ ಸಮೇತ ಕೇಳಿದ್ರೆ ಎರಡು ಕೆಲಸದ ದಿನಗಳೊಳಗೆ ಇನ್ನೊಬ್ಬರು ದೂರದಿಂದ ಆ ಕಾರನ್ನ ನೋಡೋದು, ನಿಯಂತ್ರಿಸೋದನ್ನ ಕಂಪನಿ ನಿಲ್ಲಿಸಬೇಕು. ಅಕೌಂಟ್ ಯಾರ ಹೆಸರಲ್ಲಿದೆ ಅನ್ನೋದು ಅಲ್ಲಿ ನೆಪ ಆಗಲ್ಲ.

ರಾತ್ರಿಪಾಳಿ
ಇನ್ನೊಂದು ಕಡೆಯಿಂದಲೂ ಯಾರಾದ್ರೂ ಮಾತಾಡಬೇಕು, ಅದಕ್ಕೆ ಬರೀತಿದೀನಿ. ನಾನು ಆಂಬ್ಯುಲೆನ್ಸ್ ಕಂಟ್ರೋಲ್ ರೂಮಲ್ಲಿ ಕರೆ ತಗೊಳ್ಳೋ ಕೆಲಸ ಮಾಡ್ತೀನಿ.

ಜನ ಅಂದ್ಕೊಳ್ಳೋದು ಏನಂದ್ರೆ, ಅಪಘಾತ ಆದ್ರೆ ಫೋನ್ ಮಾಡಿ ಜಾಗ ಹೇಳಿದ್ರಾಯ್ತು ಅಂತ. ತಲೆಗೆ ಪೆಟ್ಟು ಬಿದ್ದವರಿಗೆ ತಾವು ಯಾವ ರಸ್ತೇಲಿದೀವಿ ಅನ್ನೋದೇ ನೆನಪಿರಲ್ಲ. ಒಂದು ರಾತ್ರಿ ಒಬ್ಬ ಹೆಣ್ಣುಮಗಳು ಫೋನ್ ಮಾಡಿದ್ರು. "ಎಲ್ಲಿದೀರಮ್ಮಾ?" ಅಂದೆ. "ಮರ ಇದೆ" ಅಂದ್ರು. "ಬೇರೆ ಏನು ಕಾಣುತ್ತೆ?" "ಮರಾನೇ ಕಾಣೋದು." ಅವರ ಮಾತಿನ ಹಿಂದೆ ಇಂಡಿಕೇಟರಿನ ಟಿಕ್ ಟಿಕ್ ಕೇಳ್ತಾ ಇತ್ತು. ಎಷ್ಟೊತ್ತಿಗೆ ಹೊರಟ್ರಿ, ಯಾವ ಊರು ದಾಟಿದ್ರಿ, ಚಂದ್ರ ಯಾವ ಕಡೆ ಇದೆ, ಎಲ್ಲಾ ಕೇಳಿದೆ. ಗಾಡಿ ಸಿಕ್ಕೋಕೆ ಮುಕ್ಕಾಲು ಗಂಟೆ ಆಯ್ತು. ಅವರು ಉಳಿದ್ರು. ಪಕ್ಕದ ಸೀಟಲ್ಲಿದ್ದವರು ಉಳೀಲಿಲ್ಲ.

ಆ ಟಿಕ್ ಟಿಕ್ ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಅದಕ್ಕೇ ಯಾರಾದ್ರೂ "ಪೆಟ್ಟಿಗೆ ಕಿತ್ತು ಹಾಕ್ತೀನಿ" ಅಂದ್ರೆ ನನಗೆ ಹೊಟ್ಟೇಲಿ ಸಂಕಟ ಆಗುತ್ತೆ. @ಮೂರನೇಗೇರ್, ನಿಮ್ಮ ಮನೆಯವರ ಸಿಟ್ಟು ನ್ಯಾಯವಾದದ್ದೇ. ಆದ್ರೂ ಕೀಳಿಸಬೇಡಿ.

ಮೂರನೇಗೇರ್
@ರಾತ್ರಿಪಾಳಿ ಇದನ್ನ ಅವಳಿಗೆ ಓದಿ ಹೇಳಿದೆ. ಸುಮ್ಮನಾದಳು. ಆಮೇಲೆ, "ಬಿದ್ದಾಗ ಹೇಳ್ಲಿ, ನಾನ್ಯಾಕೆ ಬೇಡ ಅನ್ಲಿ. ಬೀಳದೇ ಇರೋ ದಿನಾನೂ ಯಾಕೆ ಹೇಳಬೇಕು?" ಅಂದಳು. ನನ್ನ ಹತ್ರ ಉತ್ತರ ಇರ್ಲಿಲ್ಲ.

ಕಡತಹುಳು
ನಿಮ್ಮ ಮನೆಯವರು ಕೇಳಿದ್ದೇ ಸರಿಯಾದ ಪ್ರಶ್ನೆ. ಆ ಪ್ರಶ್ನೆಯನ್ನಿಟ್ಕೊಂಡೇ ಮಾಡಿದ ವ್ಯವಸ್ಥೆ ಒಂದಿದೆ. ಯುರೋಪಿನ ಇ-ಕಾಲ್.

2018ರ ಮಾರ್ಚ್ 31ರಿಂದ ಅಲ್ಲಿ ಮಂಜೂರಾಗೋ ಪ್ರತಿ ಹೊಸ ಮಾದರಿಯ ಕಾರಲ್ಲೂ ಇದು ಕಡ್ಡಾಯ. ಏರ್‌ಬ್ಯಾಗ್ ಬಿಚ್ಚೋ ಮಟ್ಟದ ಡಿಕ್ಕಿ ಆದ್ರೆ ಕಾರು ತಾನೇ 112ಕ್ಕೆ ಕರೆ ಮಾಡುತ್ತೆ. ಕೈಯಿಂದ ಒತ್ತೋಕೆ ಎಸ್‌ಒಎಸ್ ಬಟನ್ನೂ ಇರುತ್ತೆ. ಕರೆಯ ಜೊತೆ ಒಂದು ಪುಟ್ಟ ಮಾಹಿತಿ ಹೋಗುತ್ತೆ: ಜಾಗ, ಕಾರು ಯಾವ ದಿಕ್ಕಿಗೆ ಹೋಗ್ತಿತ್ತು, ಸಮಯ, ಚಾಸಿಸ್ ನಂಬರು, ಇಂಧನ ಯಾವುದು, ಗೊತ್ತಿದ್ರೆ ಒಳಗೆ ಎಷ್ಟು ಜನ. ಎಲ್ಲಾ ಸೇರಿ ಹೆಚ್ಚಂದ್ರೆ 140 ಬೈಟ್. ನಾನು ಈಗ ಬರೆದ ಒಂದು ಸಾಲಿನಷ್ಟೂ ಇಲ್ಲ.

ಅದಕ್ಕಿಂತ ಮುಖ್ಯ ಕಾನೂನಿನ ಷರತ್ತು. ಈ ವ್ಯವಸ್ಥೆ ಕಾರನ್ನ ಸದಾ ಹಿಂಬಾಲಿಸೋ ಹಾಗಿಲ್ಲ. ಒಳಗಿನ ಮೆಮೊರಿ ತಾನಾಗೇ ಅಳಿಸ್ತಾ ಹೋಗಬೇಕು. ಕಾರು ಯಾವ ಕಡೆ ಹೋಗ್ತಿತ್ತು ಅಂತ ತಿಳಿಯೋಕೆ ಬೇಕಾದ ಕೊನೆಯ ಮೂರು ಜಾಗ ಮಾತ್ರ ಇಟ್ಕೋಬಹುದು. ಮೂರೇ ಮೂರು.

ಅಂದ್ರೆ ಜೀವ ಉಳಿಸೋಕೆ ಮೂರು ಚುಕ್ಕೆ ಸಾಕು. ಮೂರು ವರ್ಷದ ಮ್ಯಾಪ್ ಬೇಕಿಲ್ಲ.

ಬಿಳಿಹಲಗೆ
ಆದ್ರೆ ಇ-ಕಾಲ್ ಇರೋ ಕಾರು ಯಾವಾಗಲೂ ನೆಟ್‌ವರ್ಕಿಗೆ ಅಂಟ್ಕೊಂಡಿರುತ್ತಲ್ಲ? ಟವರಿಗೆ ಗೊತ್ತಾಗೇ ಆಗುತ್ತೆ.

ವೈರುಮನುಷ್ಯ
@ಬಿಳಿಹಲಗೆ ಅಂಟ್ಕೊಂಡಿರಲ್ಲ. ಬರೀ ಇ-ಕಾಲ್‌ಗೇ ಇರೋ ಸಿಮ್ ನಿದ್ದೆ ಮಾಡ್ತಾ ಇರುತ್ತೆ, ಡಿಕ್ಕಿ ಆದಾಗ ಅಥವಾ ಬಟನ್ ಒತ್ತಿದಾಗಷ್ಟೇ ನೆಟ್‌ವರ್ಕಿಗೆ ನೋಂದಣಿ ಆಗುತ್ತೆ. ನೀವು ಹೇಳ್ತಿರೋದು ಆ್ಯಪು, ಮ್ಯಾಪು, ಮಳಿಗೆ ಹುಡುಕೋದು, ಹಾಡು ಎಲ್ಲಾ ಇರೋ "ಕನೆಕ್ಟೆಡ್" ಸೇವೆಯ ಸಿಮ್. ಅದು ಸದಾ ಎಚ್ಚರ. ಎಷ್ಟೋ ಕಾರಲ್ಲಿ ಎರಡೂ ಒಂದೇ ಡಬ್ಬೀಲಿರೋದ್ರಿಂದ ಜನ ಎರಡೂ ಒಂದೇ ಅಂದ್ಕೊಳ್ತಾರೆ.

ಬಿಳಿಹಲಗೆ
ಓ, ಸರಿ. ನಾನು ಎರಡನ್ನೂ ಕಲಸಿಬಿಟ್ಟಿದ್ದೆ.

ಸಣ್ಣಅಕ್ಷರ
ಆ ಕಲಸುಮೇಲೋಗರ ಕಂಪನಿಗಳಿಗೇ ಬೇಕಾಗಿರೋದು ಅಂತ ನನ್ನ ಅಭಿಪ್ರಾಯ. ಖರೀದಿ ಸಮಯದಲ್ಲಿ ತೋರಿಸೋದು ಅಪಘಾತದ ಚಿತ್ರ. ಸಹಿ ಹಾಕಿಸ್ಕೊಳ್ಳೋದು ಎಲ್ಲದಕ್ಕೂ.

ಅಮೆರಿಕದ ಜನರಲ್ ಮೋಟಾರ್ಸ್ ಪ್ರಕರಣ ನೋಡಿ. ಅಲ್ಲಿನ ವ್ಯಾಪಾರ ಆಯೋಗ ಎಫ್‌ಟಿಸಿ 2025ರ ಜನವರಿಯಲ್ಲಿ ಹೊರಿಸಿದ ಆರೋಪದ ಪ್ರಕಾರ, ಕಾರಿನ ನಿಖರ ಜಾಗವನ್ನ ಕೆಲವು ಸಲ ಮೂರು ಸೆಕೆಂಡಿಗೊಮ್ಮೆ ಬರೆದಿಟ್ಕೊಳ್ತಿದ್ರು. ಮೂರು ಸೆಕೆಂಡು! ಚಾಲನೆಯ ಮಾಹಿತಿ, ಇಂಥ ಮಾಹಿತಿ ಕೊಂಡು ಮಾರೋ ದಲ್ಲಾಳಿ ಸಂಸ್ಥೆಗಳಿಗೆ ಹೋಯ್ತು, ಅಲ್ಲಿಂದ ವಿಮಾ ಕಂಪನಿಗಳಿಗೆ. ಒಬ್ಬ ಚಾಲಕ ತನ್ನ ಬಗ್ಗೆ ಇರೋ ವರದಿ ತರಿಸಿ ನೋಡಿದ್ರೆ 258 ಪುಟ, ಆರು ತಿಂಗಳ 640 ಓಡಾಟ. ಎಲ್ಲಿ ಹೋದ ಯಾವಾಗ ಹೋದ ಎಲ್ಲಾ. ವಿಮೆ ಕಂತು 21 ಶೇಕಡಾ ಏರಿತ್ತು.

ಕಡತಹುಳು
@ಸಣ್ಣಅಕ್ಷರ ಒಂದು ತಿದ್ದುಪಡಿ. ಆ 258 ಪುಟದಲ್ಲಿ ಜಾಗ ಇರ್ಲಿಲ್ಲ. ಹೊರಟ ಹೊತ್ತು, ಮುಟ್ಟಿದ ಹೊತ್ತು, ದೂರ, ವೇಗ ಮೀರಿದ್ದು, ಗಕ್ಕನೆ ಬ್ರೇಕ್ ಹಾಕಿದ್ದು, ಇಷ್ಟು. ಜಾಗದ ಆರೋಪ ಎಫ್‌ಟಿಸಿ ದೂರಲ್ಲಿ ಬೇರೆಯಾಗಿ ಇದೆ. ನಿಮ್ಮ ವಾದ ಗಟ್ಟಿಯಾಗೇ ಇದೆ, ಒಂದು ತಪ್ಪು ಸೇರಿಸಿ ಅದನ್ನ ಬಡವ ಮಾಡಬೇಡಿ. ಆ ಪ್ರಕರಣದಲ್ಲಿ ಆದ ಆದೇಶ: ಐದು ವರ್ಷ ಈ ಮಾಹಿತಿಯನ್ನ ಗ್ರಾಹಕ ವರದಿ ಸಂಸ್ಥೆಗಳಿಗೆ, ಅಂದ್ರೆ ಜನರ ಬಗ್ಗೆ ವರದಿ ಮಾಡಿ ವಿಮಾ ಕಂಪನಿಯಂಥವರಿಗೆ ಮಾರೋರಿಗೆ, ಕೊಡೋ ಹಾಗಿಲ್ಲ.

ಸಣ್ಣಅಕ್ಷರ
ಒಪ್ಪಿದೆ, ತಿದ್ದಿದ್ದಕ್ಕೆ ಥ್ಯಾಂಕ್ಸ್. ಆದ್ರೂ ಐದು ವರ್ಷ ಅಂದ್ರೆ ಆರನೇ ವರ್ಷ ಏನು ಅಂತ ಕೇಳೋದು ನನ್ನ ಹಕ್ಕು.

ನೇರಮಾತು
ಸರಿ, ಕಂಪನಿಗಳು ಮಾರೋದು ತಪ್ಪು. ಅದಕ್ಕೆ ಕಾನೂನು ಬರಲಿ. ಆದ್ರೆ ಮಾರದೇ ಬರೀ ಇಟ್ಕೊಂಡ್ರೆ ಏನು ನಷ್ಟ? ಹೆಸರು ತೆಗೆದು ಇಡ್ತಾರಲ್ಲ.

ಸಣ್ಣಅಕ್ಷರ
@ನೇರಮಾತು ಇಟ್ಕೊಂಡಿದ್ದು ಸೋರುತ್ತೆ, ಅದೇ ನಷ್ಟ. 2024ರ ಡಿಸೆಂಬರಲ್ಲಿ ಫೋಕ್ಸ್‌ವ್ಯಾಗನ್ ಸಮೂಹದ ಸುಮಾರು 8 ಲಕ್ಷ ಎಲೆಕ್ಟ್ರಿಕ್ ಕಾರುಗಳ ಮಾಹಿತಿ ಕ್ಲೌಡಲ್ಲಿ ಬೀಗ ಇಲ್ಲದೆ ತಿಂಗಳುಗಟ್ಟಲೆ ಬಿದ್ದಿದ್ದು ಬಯಲಾಯ್ತು. ಅದರಲ್ಲಿ 4.6 ಲಕ್ಷ ಕಾರುಗಳ ಜಾಗ ತೀರಾ ನಿಖರವಾಗಿತ್ತು. ಜರ್ಮನಿಯ ಹ್ಯಾಕರ್‌ಗಳ ಸಂಘ ಕೇಯಾಸ್ ಕಂಪ್ಯೂಟರ್ ಕ್ಲಬ್‌ನವರು ಕಂಪನಿಗೆ ತಿಳಿಸಿ ಮುಚ್ಚಿಸಿದ್ರು. ಟೊಯೋಟಾದ್ದು ಇನ್ನೂ ಉದ್ದ: ಜಪಾನಿನ 21.5 ಲಕ್ಷ ಗ್ರಾಹಕರ ಕಾರಿನ ಮಾಹಿತಿ, ಜಾಗವೂ ಸೇರಿ, 2013ರ ನವೆಂಬರಿಂದ 2023ರ ಏಪ್ರಿಲ್ ವರೆಗೆ ತೆರೆದೇ ಇತ್ತು. ಸುಮಾರು ಹತ್ತು ವರ್ಷ ಕಂಪನಿಯವರು ಅದನ್ನ ಗಮನಿಸಿರ್ಲಿಲ್ಲ.

ಹೆಸರು ತೆಗೆದ್ರೆ ಸಾಕು ಅನ್ನೋದೂ ನಿಲ್ಲಲ್ಲ. 15 ಲಕ್ಷ ಜನರ ಫೋನ್ ಜಾಗದ ಮೇಲೆ 2013ರಲ್ಲಿ ಬಂದ ಅಧ್ಯಯನದಲ್ಲಿ, ಜಾಗ ಮತ್ತು ಸಮಯ ಸೇರಿದ ನಾಲ್ಕೇ ಚುಕ್ಕೆಯಿಂದ 95 ಶೇಕಡಾ ಜನರನ್ನ ಬೇರ್ಪಡಿಸಿ ಗುರುತಿಸೋಕೆ ಆಯ್ತು. ಯೋಚನೆ ಮಾಡಿ. ರಾತ್ರಿ ಇಲ್ಲಿ ನಿಲ್ಲುತ್ತೆ, ಹಗಲು ಅಲ್ಲಿ ನಿಲ್ಲುತ್ತೆ, ಇಂಥ ಸ್ಕೂಲ್ ಮುಂದೆ ಎಂಟೂವರೆಗೆ ಎರಡು ನಿಮಿಷ. ಇಂಥ ಕಾರು ಜಗತ್ತಲ್ಲಿ ಎಷ್ಟಿರುತ್ತೆ? ಒಂದೇ.

ಗಾಡಿಬಿಡಾಂವ
ನಂದೂ ಒಂದ ಮಾತ ಕೇಳ್ರಿ. ನಾ ಕಂಪನಿ ವ್ಯಾನ್ ಓಡಸಾಂವ. ನಮ್ಮ ಗಾಡಿಯೊಳಗ ಟ್ರ್ಯಾಕರ್ ಐತಿ, ನನಗೂ ಹೇಳ್ಯಾರ, ನಾನೂ ಸಹಿ ಮಾಡೇನಿ. ಒಮ್ಮೆ ಗಾಡಿ ಕಳುವಾದಾಗ ಅದರಿಂದನ ಎರಡ ತಾಸಿನ್ಯಾಗ ಸಿಕ್ತು, ಸುಳ್ಳ ಯಾಕ ಹೇಳ್ಲಿ.

ಆದರ ಡ್ಯೂಟಿ ಮುಗದ ಮ್ಯಾಲೂ ಅದು ನೋಡಕೋತ ಇರತೈತಿ. ಗಾಡಿ ಮನೀಗೆ ಒಯ್ಯಾಕ ಪರವಾನಗಿ ಐತಿ ನನಗ. ಒಂದಿನ ಮೇಲಿನವರು ಕರದು, "ನಿನ್ನೆ ರಾತ್ರಿ ದವಾಖಾನಿ ಮುಂದ ಎರಡ ತಾಸ ಗಾಡಿ ಯಾಕ ನಿಂತಿತ್ತು?" ಅಂದ್ರು. ನನ್ನ ಹೇಣ್ತಿಗೆ ಗರ್ಭ ಇಳದಿತ್ತ್ರಿ ಅವತ್ತ. ನಮ್ಮವ್ವಗ ಸೈತ ಹೇಳಿರಲಿಲ್ಲ ನಾವು. ನಾಲ್ಕ ಮಂದಿ ಮುಂದ ನಿಂತು ಹೇಳಬೇಕಾತು.

ಕಳ್ಳನ್ನ ಹಿಡಿಯಾಕ ಅಂತ ಹಾಕಿದ್ದು ನನ್ನ ಮನಿ ಸುದ್ದಿ ಹೊರಗ ಹಾಕ್ತು. ಡ್ಯೂಟಿ ಮುಗದ ಮ್ಯಾಲೆ ಬಂದ್ ಮಾಡೂ ಒಂದ ಸ್ವಿಚ್ ಕೊಡ್ರಿ ಅಂತ ಕೇಳೇನಿ. ಇನ್ನೂ ಕೊಟ್ಟಿಲ್ಲ.

ರಾತ್ರಿಪಾಳಿ
@ಗಾಡಿಬಿಡಾಂವ ಓದಿ ಬಹಳ ನೋವಾಯ್ತು ಅಣ್ಣಾ. ನಿಮ್ಮ ಮನೆಯವರು ಈಗ ಆರೋಗ್ಯವಾಗಿದಾರಾ?

ಗಾಡಿಬಿಡಾಂವ
ಆರಾಮ ಅದಾಳ್ರಿ ಅಕ್ಕಾರ. ಕೇಳಿದ್ದಕ್ಕ ಸಂತೋಷ.

ಹಿಂದಿನಸೀಟು
ನಮ್ಮ ಮನೆಯಲ್ಲಿ ಇದು ಬೇರೆ ರೀತಿ ಬಂತು. ಅಪ್ಪನಿಗೆ ಮರೆವು ಶುರುವಾಗಿತ್ತು. ಡಾಕ್ಟರು ಗಾಡಿ ಓಡಿಸಬೇಡಿ ಅಂತ ಇನ್ನೂ ಹೇಳಿರಲಿಲ್ಲ. ಕದ್ದು ನೋಡೋಕೆ ಮನಸ್ಸು ಬರಲಿಲ್ಲ. ಕೂತು ಮಾತಾಡಿದೆ. "ಅಪ್ಪಾ, ಕಾರು ಎಲ್ಲಿದೆ ಅಂತ ನನ್ನ ಫೋನಲ್ಲಿ ಕಾಣುತ್ತೆ. ನಿಮಗೆ ಬೇಡ ಅಂದ್ರೆ ತೆಗೀತೀನಿ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡು. ಆದ್ರೆ ನೋಡಿದಾಗ ನನಗೆ ಹೇಳು" ಅಂದ್ರು. ಅದೊಂದೇ ಷರತ್ತು ಅವರದು. ಎಂಟು ತಿಂಗಳಲ್ಲಿ ಮೂರು ಸಲ ನೋಡಿದೆ, ಮೂರು ಸಲಾನೂ ಹೇಳಿದೆ. ಮೂರನೇ ಸಲ ಅವರು ಮನೆಯಿಂದ ತೊಂಬತ್ತು ಕಿಲೋಮೀಟರ್ ಆಚೆ, ಹೆಡ್‌ಲೈಟ್ ಹಾಕ್ಕೊಂಡು ರಸ್ತೆ ಬದಿಯಲ್ಲಿ ಕೂತಿದ್ರು. ಅವತ್ತು ಅವರೇ ಕೀ ನನ್ನ ಕೈಗೆ ಕೊಟ್ರು.

ಕಾರಿನ ಕಂಪನಿಗಳು ನಮ್ಮಪ್ಪ ಕೇಳಿದ್ದಷ್ಟೇ ಕೊಟ್ರೆ ಸಾಕು. ಯಾರಾದ್ರೂ ನೋಡಿದಾಗ ನನಗೆ ಹೇಳಿ.

ಮಳೆವೈಪರ್
ಇದು ನಿಜವಾಗಿ ಒಳ್ಳೆಯ ಉಪಾಯ ಅಲ್ವಾ. ಯಾರು ಜಾಗ ನೋಡಿದ್ರೂ ಕಾರಿನ ಸ್ಕ್ರೀನಲ್ಲಿ ಒಂದು ಚೀಟಿ ಬರಬೇಕು. ಫೋನಲ್ಲಿ ಕ್ಯಾಮೆರಾ ಆನ್ ಆದ್ರೆ ಹಸಿರು ಚುಕ್ಕೆ ಬರುತ್ತಲ್ಲ, ಹಾಗೆ.

ಓಡಿದ್ದಷ್ಟೇ
ಇಷ್ಟೆಲ್ಲ ಚರ್ಚೆ ಯಾಕೆ, ಆ ಡಬ್ಬಿಯ ಫ್ಯೂಸ್ ಕಿತ್ರೆ ಮುಗೀತು. ನಾನು ಕಿತ್ತು ಒಂದು ವರ್ಷ ಆಯ್ತು, ನೆಮ್ಮದಿಯಾಗಿದೀನಿ.

ವೈರುಮನುಷ್ಯ
@ಓಡಿದ್ದಷ್ಟೇ ನಿಮ್ಮ ಹ್ಯಾಂಡ್ಸ್‌ಫ್ರೀ ಮೈಕ್ ಕೆಲಸ ಮಾಡ್ತಿದೆಯಾ?

ಓಡಿದ್ದಷ್ಟೇ
ಇಲ್ಲ. ಅದು ಆಗಲೇ ಕೆಟ್ಟಿತ್ತು ಅಂದ್ಕೊಂಡಿದ್ದೆ.

ವೈರುಮನುಷ್ಯ
ಕೆಟ್ಟಿಲ್ಲ. ಕೆಲವು ಮಾದರಿಗಳಲ್ಲಿ ಮೈಕಿನ ವೈರು ಅದೇ ಡಬ್ಬಿ ಮೂಲಕ ಹಾದು ಹೋಗುತ್ತೆ, ಫ್ಯೂಸ್ ಕಿತ್ರೆ ಮೈಕೂ ಹೋಗುತ್ತೆ. ಎಸ್‌ಒಎಸ್ ಅಂತೂ ಸತ್ತೇ ಹೋಗಿರುತ್ತೆ. ಎಸ್‌ಒಎಸ್ ಬಟನ್ ಪಕ್ಕದ ದೀಪ ಕೆಂಪಾಗಿರಬೇಕು ಅಥವಾ ಆರಿರಬೇಕು, ನೋಡಿ.

ಓಡಿದ್ದಷ್ಟೇ
ನೋಡಿ ಬಂದೆ. ಕೆಂಪು.

ಬಿಳಿಹಲಗೆ
ನನ್ನ ಭಾವನ ಹಳೇ ಕಾರಲ್ಲಿ ಯಾರೂ ಏನೂ ಕೀಳದೇನೇ ಎಸ್‌ಒಎಸ್ ಸತ್ತಿದೆ. ಟೆಲಿಕಾಂನವರು ಹಳೇ ನೆಟ್‌ವರ್ಕ್ ನಿಲ್ಲಿಸಿದ್ರು, ಕಾರಿನ ಮೋಡೆಮ್ ಅದಕ್ಕೇ ಮಾಡಿದ್ದು. ಅಮೆರಿಕದಲ್ಲೂ 2022ರಲ್ಲಿ 3ಜಿ ನಿಂತಾಗ ಎಷ್ಟೋ ಕಾರುಗಳ ಅಪಘಾತ ಕರೆ ಸೇವೆ ಹೀಗೇ ನಿಂತುಹೋಯ್ತು. ಹದಿನೈದು ವರ್ಷ ಬಾಳೋ ಕಾರಿಗೆ ಏಳೆಂಟು ವರ್ಷ ಬಾಳೋ ಮೋಡೆಮ್ ಹಾಕಿ, ಸುರಕ್ಷತೆ ಅಂತ ಮಾರೋದು ನನಗೆ ಒಪ್ಪಿಗೆ ಇಲ್ಲ.

ಅಂದ ಹಾಗೆ ಡ್ಯಾಶ್‌ಕ್ಯಾಮ್ ಯಾವುದು ಒಳ್ಳೇದು? ಹಿಂದೆ ಮುಂದೆ ಎರಡೂ ಕಡೆ ರೆಕಾರ್ಡ್ ಆಗಬೇಕು, ಜಿಪಿಎಸ್ ಇರಬೇಕು.

ಮಳೆವೈಪರ್
ಮೆಮೊರಿ ಕಾರ್ಡಿನದು ತಗೊಳ್ಳಿ, ಕ್ಲೌಡಿನದು ಬೇಡ. ಬಿಸಿಲಿಗೆ ಸಾಧಾರಣ ಕಾರ್ಡ್ ಬೇಗ ಹಾಳಾಗುತ್ತೆ, ಕ್ಯಾಮೆರಾಗೇ ಅಂತ ಬರೋ ಗಟ್ಟಿ ಕಾರ್ಡ್ ಹಾಕಿ.

ವೇದಿಕೆ ನಿರ್ವಾಹಕರು
ಡ್ಯಾಶ್‌ಕ್ಯಾಮ್ ಬಗ್ಗೆ ಬೇರೆ ಎಳೆ ಇದೆ, ಅಲ್ಲಿ ಕೇಳಿ. ಇಲ್ಲಿ ವಿಷಯಕ್ಕೆ ಬನ್ನಿ.

ನೇರಮಾತು
ಪೊಲೀಸರ ವಿಷಯ ಯಾರೂ ಎತ್ತಲಿಲ್ಲ. ಮಗು ಅಪಹರಣ ಆದ್ರೆ ಕಾರಿನ ಜಾಗ ತಕ್ಷಣ ಸಿಗಬೇಕೋ ಬೇಡವೋ? ಇದಕ್ಕಾದ್ರೂ ಎಲ್ಲರೂ ಒಪ್ತೀರಲ್ಲ?

ಕಡತಹುಳು
ಒಪ್ತೀವಿ. ಇದೇ ವಿಷಯದಲ್ಲಿ ಆದದ್ದು ಹೇಳ್ತೀನಿ. 2023ರ ಫೆಬ್ರವರಿ, ಅಮೆರಿಕದ ಇಲಿನಾಯ್ ರಾಜ್ಯದ ಲೇಕ್ ಕೌಂಟಿ. ಎರಡು ವರ್ಷದ ಮಗು ಒಳಗಿರೋವಾಗಲೇ ಒಂದು ಫೋಕ್ಸ್‌ವ್ಯಾಗನ್ ಕಾರನ್ನ ಕಿತ್ಕೊಂಡು ಹೋದ್ರು. ತನಿಖೆಯವರು ಕಾರಿನ ಟ್ರ್ಯಾಕಿಂಗ್ ಸೇವೆಗೆ ಫೋನ್ ಮಾಡಿದ್ರೆ, ಪ್ರಾಯೋಗಿಕ ಅವಧಿ ಮುಗಿದಿದೆ, 150 ಡಾಲರ್ ಕಟ್ಟಿದ್ರೆ ಮಾತ್ರ ಜಾಗ ಹೇಳ್ತೀವಿ ಅಂತ ಉತ್ತರ ಬಂತು. ದುಡ್ಡು ಹೊಂದಿಸೋ ಹೊತ್ತಿಗೆ ಮಗು ಬೇರೆ ದಾರೀಲಿ ಸಿಕ್ಕಿತ್ತು, ಕ್ಷೇಮವಾಗಿ. ಸೇವೆ ನಡೆಸೋ ಗುತ್ತಿಗೆ ಸಂಸ್ಥೆ ನಿಯಮ ಮುರಿದಿದೆ ಅಂತ ಕಂಪನಿ ಒಪ್ಕೊಳ್ತು.

ನಾನು ಇದನ್ನ ಯಾಕೆ ಹೇಳಿದೆ ಅಂದ್ರೆ, "ಸುರಕ್ಷತೆಗೆ ನಿಮ್ಮ ಗುಟ್ಟು ಕೊಡಿ" ಅನ್ನೋರು ಆ ಸುರಕ್ಷತೆಯನ್ನ ಕೊಟ್ಟೇ ಕೊಡ್ತಾರೆ ಅಂತ ಖಾತ್ರಿ ಇಲ್ಲ. ನಮ್ಮಿಂದ ಹೋಗೋದು ದಿನಾ ಹೋಗುತ್ತೆ. ನಮಗೆ ಬರಬೇಕಾದ್ದು ಚಂದಾ ಕಟ್ಟಿದ್ರೆ ಬರುತ್ತೆ.

ಪೊಲೀಸರು ಕೇಳೋದಕ್ಕೂ ಒಂದು ಬಾಗಿಲು ಇರಬೇಕು. ಅಮೆರಿಕದ ಸುಪ್ರೀಂ ಕೋರ್ಟು 2012ರ ಜೋನ್ಸ್ ಪ್ರಕರಣದಲ್ಲಿ, ಕಾರಿಗೆ ಜಿಪಿಎಸ್ ಅಂಟಿಸಿ 28 ದಿನ ಹಿಂಬಾಲಿಸೋದು ಸಂವಿಧಾನ ಹೇಳೋ "ಶೋಧ"ವೇ, ಮನೆ ತಪಾಸಣೆ ಮಾಡಿದ ಹಾಗೇ ಅಂತ ತೀರ್ಪು ಕೊಡ್ತು. ಈಗ ಅಂಟಿಸೋ ಅಗತ್ಯವೇ ಇಲ್ಲ, ಕಾರ್ಖಾನೆಯಿಂದಲೇ ಬರುತ್ತೆ. ಫೈರ್‌ಫಾಕ್ಸ್ ಬ್ರೌಸರಿನ ಮೊಜಿಲ್ಲಾ ಸಂಸ್ಥೆ 2023ರಲ್ಲಿ 25 ಕಾರು ಬ್ರ್ಯಾಂಡುಗಳ ಖಾಸಗಿತನ ನೀತಿ ಓದಿ ನೋಡಿದಾಗ, 56 ಶೇಕಡಾ ಕಂಪನಿಗಳು ಸರ್ಕಾರ ಅಥವಾ ಪೊಲೀಸರು ಬರೀ "ಕೋರಿಕೆ" ಕೊಟ್ರೂ ಮಾಹಿತಿ ಕೊಡಬಹುದು ಅಂತ ಬರ್ಕೊಂಡಿದ್ವು. ಕೋರ್ಟಿನ ಆದೇಶ ಬೇಕು ಅಂತಿಲ್ಲ. ಆ 25ರಲ್ಲಿ ಒಂದೂ ಮೊಜಿಲ್ಲಾದ ಖಾಸಗಿತನ ಪರೀಕ್ಷೇಲಿ ಪಾಸಾಗಲಿಲ್ಲ.

ನೇರಮಾತು
ಮೊದಲ ದಿನ ಬರೆದದ್ದನ್ನ ವಾಪಸ್ ತಗೊಳ್ತಿಲ್ಲ, ಅಪಘಾತ ಕರೆ ಬೇಕೇ ಬೇಕು. ಆದ್ರೆ "ಎಲ್ಲಾ ಆನ್" ಅಂದಿದ್ದನ್ನ ವಾಪಸ್ ತಗೊಳ್ತೀನಿ. ಇವತ್ತು ಸೆಟ್ಟಿಂಗ್ ತೆರೆದು ನೋಡಿದೆ. "ಓಡಾಟದ ಇತಿಹಾಸ" ಅಂತ ಒಂದಿದೆ, ಹದಿನಾಲ್ಕು ತಿಂಗಳು ಹಿಂದಿನವರೆಗೆ ಇದೆ. ಅದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ಕಳೆದ ವರ್ಷ ತೀರಿಹೋದ ಗೆಳೆಯನ ಮನೆಗೆ ಹೋಗಿದ್ದ ದಿನವೂ ಇದೆ. ಅಳಿಸಿದೆ.

ಮೂರನೇಗೇರ್
ಹತ್ತು ದಿನ ಆಯ್ತು, ಏನಾಯ್ತು ಅಂತ ಹೇಳ್ತೀನಿ.

ಹಳೇ ಮಾಲೀಕರು ಫೋನಲ್ಲಿ ನಾನಿದ್ದ ಹಾಗೇ ಅವರ ಆ್ಯಪಿಂದ ಕಾರು ತೆಗೆದ್ರು. ಎರಡು ನಿಮಿಷ. ಕಂಪನಿ ಕಡೆಯಿಂದ ನನ್ನ ಹೆಸರಿಗೆ ಬರೋಕೆ ಆರು ದಿನ, ದಾಖಲೆ ಎರಡು ಸಲ ಕಳಿಸಬೇಕಾಯ್ತು. ಆಮೇಲೆ ಸೆಟ್ಟಿಂಗಲ್ಲಿ ಓಡಾಟದ ಇತಿಹಾಸ, ಚಾಲನೆ ಅಂಕ, "ಪಾಲುದಾರರ ಜೊತೆ ಹಂಚಿಕೆ" ಮೂರೂ ಬಂದ್ ಮಾಡಿದೆ. ಮೂರೂ ಬೇರೆ ಬೇರೆ ಮೆನುವಲ್ಲಿದ್ವು. ಮೂರನೇದು ಹುಡುಕೋಕೆ ಇಪ್ಪತ್ತು ನಿಮಿಷ ಹಿಡೀತು. ಅಪಘಾತ ಕರೆ ಹಾಗೇ ಇದೆ.

ಆ್ಯಪ್ ಅವಳ ಫೋನಲ್ಲಿ ಮಾತ್ರ ಇರುತ್ತೆ ಅಂತ ತೀರ್ಮಾನ ಆಯ್ತು. ನನ್ನ ಫೋನಲ್ಲಿ ಬೇಡ ಅಂತ ನಾನೇ ಅಂದೆ. @ಕಿಟಕಿಪಕ್ಕ ಅವರು ಬರೆದದ್ದು ಓದಿದ ಮೇಲೆ.

ವೈರುಮನುಷ್ಯ
ಎಸ್‌ಒಎಸ್ ಪಕ್ಕದ ದೀಪ?

ಮೂರನೇಗೇರ್
ಹಸಿರು.

ಹೊಸಸದಸ್ಯ42
ಇಲ್ಲಿ ಮೊದಲ ಸಲ ಬರೀತಿದೀನಿ. ಎಳೆ ಪೂರ್ತಿ ಓದಿದೆ. ನಾವು ಹೋದ ವರ್ಷ ಕಾರು ಮಾರಿದ್ವಿ. ಆ್ಯಪ್ ಇನ್ನೂ ಫೋನಲ್ಲಿದೆ ಅಂತ ನೆನಪೇ ಇರಲಿಲ್ಲ. ಈಗ ತೆರೆದೆ. ಕಾರು ಯಾವುದೋ ಮನೆ ಮುಂದೆ ನಿಂತಿದೆ, ಬಾಗಿಲು ಲಾಕ್ ಆಗಿದೆ ಅಂತ ತೋರಿಸ್ತಿದೆ. ಕೈ ನಡುಗ್ತಿದೆ. ತೆಗೆಯೋದು ಹೇಗೆ?

ವೈರುಮನುಷ್ಯ
ಮೊದಲು ಮ್ಯಾಪ್ ಮುಚ್ಚಿ. ಪ್ರೊಫೈಲ್‌ಗೆ ಹೋಗಿ "ನನ್ನ ವಾಹನಗಳು" ಒತ್ತಿ, ಕಾರಿನ ಹೆಸರು ಒತ್ತಿ, ಕೆಳಗೆ "ವಾಹನ ತೆಗೆದುಹಾಕಿ" ಅಂತ ಇರುತ್ತೆ. ಬರೀ ಆ್ಯಪ್ ಅಳಿಸಿದ್ರೆ ಸಾಲದು, ಗಂಟು ಹಾಗೇ ಉಳಿಯುತ್ತೆ.

ಹೊಸಸದಸ್ಯ42
ತೆಗೆದೆ. ಖಾಲಿ ತೋರಿಸ್ತಿದೆ.

ಕಿಟಕಿಪಕ್ಕ
ಅವರಿಗೂ ಒಂದು ಫೋನ್ ಮಾಡಿ ಹೇಳಿಬಿಡಿ.

ಹೊಸಸದಸ್ಯ42
ನಂಬರ್ ಹುಡುಕ್ತಿದೀನಿ ಅಕ್ಕ. ಇವತ್ತೇ ಮಾಡ್ತೀನಿ.